ಮೊದಲ ಗುಟುಕಿಗೂ ಮುಂಚಿನ ಏಟು

ನಮ್ಮ ಕಡೆ ಹುಡುಗನೊಬ್ಬ ನಾಲ್ಕು ದಿನ ಗಡ್ಡ ಬಿಟ್ಟು, ಮಾತು ಕಡಿಮೆ ಮಾಡಿ ಕೂತರೆ ‘ಯಾಕಲೇ, ದೇವದಾಸ ಆಗೀಯೇನು?’ ಅನ್ನುತ್ತಾರೆ. ಹಾಗೆ ಕೇಳುವ ಹೆಚ್ಚಿನವರು ಶರತ್‌ಚಂದ್ರರ 1917ರ ಕಾದಂಬರಿ ಓದಿದವರಲ್ಲ. ಗಂಗಾವತಿ ಸೀಮೆಗೆ ಈ ಹೆಸರು ಬಂದದ್ದರಲ್ಲಿ ತೆಲುಗಿನ ‘ದೇವದಾಸು’ ಚಿತ್ರದ ಪಾಲು ದೊಡ್ಡದು ಎಂಬುದು ನನ್ನ ಅಂದಾಜು. ವೇದಾಂತಂ ರಾಘವಯ್ಯ ನಿರ್ದೇಶಿಸಿದ ಆ ಚಿತ್ರ ತೆರೆಕಂಡದ್ದು 1953ರಲ್ಲಿ. ತುಂಗಭದ್ರೆಗೆ ಅಣೆಕಟ್ಟು ಬಂದದ್ದೂ ಅದೇ ವರ್ಷ. ಕಾಲುವೆ ನೀರಿನ ಬೆನ್ನಿಗೇ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಭತ್ತದ ಜೊತೆ ಘಂಟಸಾಲರ ದನಿಯೂ ಬಂತು.

ಅಕ್ಕಿನೇನಿ ನಾಗೇಶ್ವರರಾವ್ ಅವರ ಅರೆಮುಚ್ಚಿದ ಕಣ್ಣುಗಳನ್ನು ಮರೆಯುವುದು ಕಷ್ಟ. ಕುಡಿದ ದೃಶ್ಯಗಳನ್ನು ರಾತ್ರಿ ಹೊತ್ತು ಚಿತ್ರೀಕರಿಸಿದರೆಂದು ಅವರೇ ಹೇಳಿಕೊಂಡಿದ್ದುಂಟು. ನಾವು ನಶೆ ಅಂದುಕೊಂಡದ್ದು ನಿದ್ದೆಗೇಡು! ಆ ನಿದ್ದೆಗಣ್ಣು ಎಷ್ಟು ಚೆಂದವೆಂದರೆ ಕುಡಿತವೂ ಪ್ರೀತಿಯ ಒಂದು ರೂಪವೇ ಅನಿಸಿಬಿಡುತ್ತದೆ. ನನ್ನ ತಕರಾರು ಇಲ್ಲಿಂದ ಶುರು.

ಕಾದಂಬರಿಯನ್ನು ಮತ್ತೆ ತೆಗೆದು ನೋಡಿ. ಪಾರ್ವತಿ ನಡುರಾತ್ರಿ ಒಬ್ಬಳೇ ದೇವದಾಸನ ಕೋಣೆಗೆ ಬರುತ್ತಾಳೆ. ಆ ಕಾಲದ ಹೆಣ್ಣೊಬ್ಬಳು ಇದಕ್ಕಿಂತ ಹೆಚ್ಚಿನದೇನನ್ನು ಪಣಕ್ಕಿಡಬಹುದಿತ್ತು? ಅವನೋ ಮನೆಯವರನ್ನು ಎದುರಿಸಲಾರದೆ ಕಲ್ಕತ್ತೆಗೆ ಹೋಗುತ್ತಾನೆ. ಅಷ್ಟೊಂದು ಪ್ರೀತಿಯೇನೂ ಇರಲಿಲ್ಲ ಎಂಬರ್ಥದ ಕಾಗದ ಬರೆಯುತ್ತಾನೆ. ಆಮೇಲೆ ಮನಸ್ಸು ಕೊರೆದು ವಾಪಸಾಗುತ್ತಾನೆ. ಅಷ್ಟರಲ್ಲಿ ಅವಳಿಗೆ ಬೇರೆ ಕಡೆ ಮದುವೆ ಗೊತ್ತಾಗಿದೆ. ಅವಳು ಸೆಟೆದು ನಿಂತು ಉತ್ತರ ಕೊಟ್ಟಾಗ ಗಾಳದ ಕೋಲಿನಿಂದ ಹಣೆಗೆ ಬಾರಿಸುತ್ತಾನೆ. ರಕ್ತ ಬರುತ್ತದೆ, ಕಲೆ ಉಳಿಯುತ್ತದೆ. ಆ ಹೊತ್ತಿಗೆ ಅವನಿನ್ನೂ ಕುಡಿತಕ್ಕೆ ಬಿದ್ದಿಲ್ಲ. ಚಿತ್ರ ನೋಡಿ ಅಳುವವರು ಮರೆಯುವುದು ಇದನ್ನೇ. ಯಾವುದನ್ನೂ ತೀರ್ಮಾನಿಸಲಾಗದ ಜಮೀನ್ದಾರನ ಮಗನಿಗೆ ಬಾಟಲಿ ಒಂದು ನೆಪವಾಗಿ ಸಿಕ್ಕಿತು, ಅಷ್ಟೆ. ಚಂದ್ರಮುಖಿ ತನ್ನ ಕಸುಬನ್ನೇ ಬಿಟ್ಟುಬಿಡುತ್ತಾಳೆ. ಅವನಿಗೆ ಗ್ಲಾಸು ಬಿಡಲಾಗುವುದಿಲ್ಲ. ಆದರೂ ನಮ್ಮ ಕಣ್ಣೀರೆಲ್ಲ ಅವನ ಪಾಲಿಗೆ.

ಇದರ ಪಕ್ಕದಲ್ಲಿ ಗಡಕರಿಯವರ ಮರಾಠಿ ನಾಟಕ ‘ಏಕಚ್ ಪ್ಯಾಲಾ’ ಇಟ್ಟು ನೋಡಬೇಕು. 1919ರಲ್ಲಿ ರಂಗಕ್ಕೆ ಬಂದ ಈ ನಾಟಕದ ಕುಡುಕ ಸುಧಾಕರ, ವಕೀಲ, ಮದುವೆಯಾದವನು. ಹೀಗಾಗಿ ಕುಡಿತದ ಲೆಕ್ಕ ನೇರ ಅಡುಗೆಮನೆಗೆ ಬರುತ್ತದೆ. ಹೆಂಡತಿ ಸಿಂಧು ಬೀಸುಕಲ್ಲು ಹಿಡಿಯುತ್ತಾಳೆ. ಅವನ ಏಟಿಗೆ ಕೂಸು ಸಾಯುತ್ತದೆ. ಬಾಲಗಂಧರ್ವರು ತೇಪೆ ಹಾಕಿದ ಸೀರೆಯುಟ್ಟು ಆ ಪಾತ್ರ ಮಾಡಿದರು. ಗಡಕರಿಯೂ ಕೊನೆಗೆ ಸಿಂಧುವಿನ ಬಾಯಲ್ಲಿ ಗಂಡನನ್ನು ಕಾಪಾಡುವ ಮಾತನ್ನೇ ಆಡಿಸಿದರು. ಅದು ನನಗೆ ಒಪ್ಪಿಗೆಯಾಗದು. ಆದರೆ ಬೆಲೆ ತೆತ್ತವರು ಯಾರೆಂಬುದನ್ನು ಅವರು ಮುಚ್ಚಿಡಲಿಲ್ಲ. ದೇವದಾಸನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಅಪ್ಪನ ಆಸ್ತಿಯಿದೆ. ಅವನ ಕುಡಿತ ಕಾವ್ಯವಾಗಲು ಇಷ್ಟು ಅನುಕೂಲ ಬೇಕಾಯಿತು. ಕುಷ್ಟಗಿ, ಯಲಬುರ್ಗಾದ ಕೂಲಿ ಮನೆಗಳಿಗೆ ಈ ಅನುಕೂಲವಿಲ್ಲ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವವರೆಗೆ ಪ್ಯಾಕೆಟ್ಟಿಗೆ ಹೋದ ದುಡ್ಡು ಯಾವ ಡಬ್ಬಿಯದೆಂದು ಅಲ್ಲಿಯ ಹೆಂಗಸರನ್ನೇ ಕೇಳಬೇಕು.

ಇಷ್ಟಾದರೂ ಚಿತ್ರದ ಕೊನೆ ಬಂದಾಗ ನಾನು ಸುಮ್ಮನಾಗುತ್ತೇನೆ. ರಾತ್ರಿಯಲ್ಲಿ ಎತ್ತಿನ ಗಾಡಿ, ಪಾರ್ವತಿಯ ಗಂಡನ ಮನೆಯ ಮುಂದೆ ಬಿದ್ದ ಅನಾಥ ಜೀವ. ಅದು ಯಾರೆಂದು ತಿಳಿದೊಡನೆ ಸಾವಿತ್ರಿ ಓಡುತ್ತಾರೆ. ಹೊರಗೆ ಬಿದ್ದವನನ್ನು ಆಗ ಮರೆತಿರುತ್ತೇನೆ. ಬಾಗಿಲು ಮುಚ್ಚುವ ಕೈಗಳು ಯಾರವೆಂದು ನೋಡುತ್ತಿರುತ್ತೇನೆ.