ನೂಹನ ಸಂತತಿ ಮತ್ತು ಕನ್ನಡನಾಡು: ತಬರಿ, ಫಿರಿಷ್ತಾರಲ್ಲಿ ಒಂದು ವ್ಯಾಖ್ಯಾನ ಪರಂಪರೆ

ಮಧ್ಯಯುಗದ ಇಸ್ಲಾಮೀ ಚರಿತ್ರಗ್ರಂಥಗಳು ಕೇವಲ ರಾಜವಂಶಗಳ ವೃತ್ತಾಂತಗಳಲ್ಲ. ಕುರಾನಿನ ಪ್ರಾಚೀನ ವ್ಯಾಖ್ಯಾನಗಳ ಭಂಡಾರಗಳೂ ಹೌದು. ಆ ಭಂಡಾರದ ಒಂದು ಎಳೆ ಬಿಜಾಪುರವನ್ನು ತಲುಪಿ ಕನ್ನಡನಾಡಿಗೆ ಒಬ್ಬ ಮೂಲಪುರುಷನನ್ನು ಒದಗಿಸಿದೆ. ಅದರ ಪ್ರಾಮಾಣ್ಯವನ್ನು ನಿರ್ಣಯಿಸಲು ಎಳೆಯನ್ನು ಮೂಲದಿಂದಲೇ ಹಿಡಿಯಬೇಕಾಗುತ್ತದೆ.

ಜಲಪ್ರಳಯದ ಬಳಿಕ ಉಳಿದದ್ದು ನೂಹನ ಸಂತತಿ ಎಂಬುದು ಕುರಾನಿನ 37ನೆಯ ಅಧ್ಯಾಯದ 77ನೆಯ ವಚನದ ಅಭಿಪ್ರಾಯ. ಮಕ್ಕಳ ಹೆಸರುಗಳು ಅಲ್ಲಿಲ್ಲ. ಸಾಮ್, ಹಾಮ್, ಯಾಫಿಸ್ ಎಂಬ ಹೆಸರುಗಳನ್ನೂ ಅವರಿಂದ ಹುಟ್ಟಿದ ಜನಾಂಗಗಳನ್ನೂ ತಿಳಿಸುವವು ವ್ಯಾಖ್ಯಾನ ಪರಂಪರೆಯ ಹೇಳಿಕೆಗಳು. ತಬರಿ (839–923) ಇಂಥವನ್ನು ತನ್ನ ಕುರಾನ್ ವ್ಯಾಖ್ಯಾನದಲ್ಲಿಯೂ, 915ರವರೆಗಿನ ಸಂಗತಿಗಳನ್ನೊಳಗೊಂಡ ಮಹಾಚರಿತ್ರೆಯಲ್ಲಿಯೂ ಸಂಗ್ರಹಿಸಿದ್ದಾನೆ. ಯಾರಿಂದ ಯಾರು ಕೇಳಿದರೆಂಬ ಪರಂಪರೆಯನ್ನು ಹೇಳಿಕೆಗಳ ಮೊದಲಲ್ಲಿ ಕೊಡುವುದು ಅವನ ಕ್ರಮ. ಅವು ಪರಸ್ಪರ ಒಪ್ಪದಿದ್ದರೂ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವುದಿಲ್ಲ. ಹಿಂದ್, ಸಿಂದ್ ಎಂಬ ಸೋದರರನ್ನು ಒಂದು ಹೇಳಿಕೆ ಹಾಮನ ವಂಶಕ್ಕೂ ಮತ್ತೊಂದು ಸಾಮನ ವಂಶಕ್ಕೂ ಸೇರಿಸುತ್ತದೆ. ಎರಡೂ ಅವನ ಚರಿತ್ರೆಯಲ್ಲಿವೆ. ಒಪ್ಪಲಾಗದ ಮಾತು ಕಂಡುಬಂದರೆ ಅದು ತನ್ನದಲ್ಲ, ತನಗೆ ತಿಳಿಸಿದವರದೆಂದು ಪೀಠಿಕೆಯಲ್ಲಿಯೇ ಹೇಳಿಕೊಂಡಿದ್ದಾನೆ.

963ರಲ್ಲಿ ಈ ಚರಿತ್ರೆಯನ್ನು ಪಾರಸಿಗೆ ತರಲು ತೊಡಗಿದ ಬಲಅಮಿ ಪರಂಪರೆಗಳನ್ನು ಕೈಬಿಟ್ಟು ಕಥನವನ್ನು ಸರಾಗಗೊಳಿಸಿದನು. ಓದು ಸುಲಭವಾಯಿತು, ಆದರೆ ಸಂಶಯಕ್ಕಿದ್ದ ಆಧಾರ ಮರೆಯಾಯಿತು.

ಇಬ್ರಾಹಿಂ ಆದಿಲ್‌ಷಾನ ಬಿಜಾಪುರದಲ್ಲಿ 1606ರ ಸುಮಾರಿಗೆ ತನ್ನ ಪಾರಸಿ ಚರಿತ್ರೆಯನ್ನು ರಚಿಸಿದ ಫಿರಿಷ್ತಾನಲ್ಲಿ ಇದರ ಪರಿಣಾಮ ಸ್ಪಷ್ಟವಾಗಿದೆ. ಅವನ ಪ್ರಕಾರ ಹಿಂದ್ ಹಾಮನ ಮಗ. ಹಿಂದನ ಮಗ ದಕನ್. ದಕನನ ಮಕ್ಕಳು ಮರಹಟ್, ಕನ್ಹರ್, ತಿಲಂಗ್. ಮರಾಠಿ, ಕನ್ನಡ, ತೆಲುಗು ನಾಡುಗಳು ಹೀಗೆ ಮೂವರು ಸೋದರರ ಪಾಲಾಗುತ್ತವೆ. ಭಾರತೀಯರು ಪ್ರಳಯವನ್ನು ಒಪ್ಪುವುದಿಲ್ಲವೆಂಬುದನ್ನು ಫಿರಿಷ್ತಾ ಬಲ್ಲನು. ಆದರೆ ಸಾಮನ ವಂಶವನ್ನು ಹೇಳುವ ಪಾಠಕ್ಕೆ ಅವನ ವಂಶಾವಳಿಯಲ್ಲಿ ಎಡೆಯಿಲ್ಲ. ನಾಡಿನ ಹೆಸರಿನಿಂದ ವ್ಯಕ್ತಿಯನ್ನು ಕಲ್ಪಿಸಿ, ಆ ವ್ಯಕ್ತಿಯಿಂದಲೇ ನಾಡಿಗೆ ಹೆಸರಾಯಿತೆನ್ನುವುದು ವಾದದ ದೃಷ್ಟಿಯಿಂದ ಚಕ್ರಕ.

ಸ್ಥಳೀಯ ಸಾಧನಗಳೊಡನೆ ಹೋಲಿಸಿದರೆ ಈ ದೋಷ ಇನ್ನೂ ನಿಚ್ಚಳವಾಗುತ್ತದೆ. ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಇವು ಫಿರಿಷ್ತಾನ ಕನ್ಹರನ ಪಾಲಿಗೆ ಸೇರಬೇಕಾದ ಪ್ರದೇಶ. ಈ ಭಾಗದ ಇತಿಹಾಸವನ್ನು ತಿಳಿಸುವ ಶಾಸನಗಳಲ್ಲಿ ಕಾಣುವುದು ನೊಳಂಬವಾಡಿ 32,000, ಬನವಾಸಿ 12,000ದಂತಹ ಆಡಳಿತ ವಿಭಾಗಗಳು. ತಬರಿಯ ಶತಮಾನದಲ್ಲಿಯೇ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡನಾಡನ್ನು ಕಾವೇರಿ, ಗೋದಾವರಿಗಳಿಂದ ಗುರುತಿಸುತ್ತದೆಯೇ ಹೊರತು ಪುರುಷನೊಬ್ಬನ ಹೆಸರಿನಿಂದಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಮುಸಾಫಿರಖಾನೆಯು 17ನೆಯ ಶತಮಾನದ ಬಿಜಾಪುರದ ಆಳ್ವಿಕೆಗೆ ಸಾಕ್ಷಿ. ಬಿಜಾಪುರದ ಗ್ರಂಥದಲ್ಲಿರುವ ವಂಶಾವಳಿಗೆ ಅದು ಸಾಕ್ಷಿಯಾಗಲಾರದು.

ಇಷ್ಟರಿಂದ ಫಿರಿಷ್ತಾನ ಗ್ರಂಥ ನಿರುಪಯುಕ್ತವೆನ್ನಲಾಗದು. ತನಗೆ ಸಮೀಪದ ಕಾಲದ ದಖನ್ನಿನ ಸುಲ್ತಾನರ ವಿಷಯದಲ್ಲಿ ಅದು ಮುಖ್ಯ ಆಕರ. ಕನ್ಹರನ ಪ್ರಸಂಗವಾದರೋ ಕನ್ನಡನಾಡಿನ ಉತ್ಪತ್ತಿಗೆ ಆಧಾರವಲ್ಲ. ಕುರಾನ್ ವ್ಯಾಖ್ಯಾನವೊಂದು ದಖನ್ನಿನಲ್ಲಿ ಪಡೆದ ರೂಪಕ್ಕೆ ಆಧಾರ. ಪಾಠಾಂತರಗಳನ್ನು ಬಿಟ್ಟ ಪ್ರತಿ ಎಷ್ಟು ಸುಂದರವಾಗಿದ್ದರೂ ಸಂಶೋಧಕನಿಗೆ ಅಪೂರ್ಣವೆಂಬುದನ್ನು ಹಸ್ತಪ್ರತಿಗಳಲ್ಲಿ ಪರಿಶ್ರಮವುಳ್ಳವರು ಬಲ್ಲರು. ವಿರುದ್ಧ ಹೇಳಿಕೆಗಳನ್ನು ಒಟ್ಟಿಗೆ ಕಾಪಾಡಿದ ತಬರಿಯ ಬೆಲೆಯೂ ಇಲ್ಲಿಯೇ ಇದೆ.