ಹಣತೆ ಯಾರದು?

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಕಿತ್ತೂರು ದಾಟಿದರೆ ಎಂ.ಕೆ. ಹುಬ್ಬಳ್ಳಿ ಸಿಗುತ್ತದೆ. 'ಎಂ.ಕೆ.' ಎಂದರೆ ಮುಗುಟಖಾನ. ಖಾನನ ಹೆಸರು ಹೊತ್ತ ಈ ಊರಿನ ಮಲಪ್ರಭೆಯಲ್ಲೇ ಬಸವಣ್ಣನವರ ಪತ್ನಿ ಗಂಗಾಂಬಿಕೆಯವರ ಐಕ್ಯಮಂಟಪವಿದೆ. ಇತ್ತ ಕಡೆಯ ಮೊಹರಮಿನಲ್ಲಿ ಪಂಜಾ ಹೊರುವವನು ಎಷ್ಟೋ ಊರುಗಳಲ್ಲಿ ಹಿಂದೂ. ರಿವಾಯತ್ ಪದಗಳ ಭಾಷೆ ಕನ್ನಡ. ಒಬ್ಬನಿಗೆ ಆ ಪಂಜಾ ಕರ್ಬಲಾದ ದುಃಖ, ಇನ್ನೊಬ್ಬನಿಗೆ ಹರಕೆಯ ದೇವರು. ಯಾವುದು ನಿಜವಾದ ಅರ್ಥ ಎಂದು ಇಬ್ಬರೂ ಜಗಳಕ್ಕೆ ನಿಂತವರಲ್ಲ.

ಈಗ ಪ್ರತಿ ಸಂಕೇತಕ್ಕೂ ಒಂದೇ ಅರ್ಥ, ಒಬ್ಬನೇ ಒಡೆಯ ಎಂಬ ವಾದ ಜೋರಾಗಿದೆ. ಅದರ ಬಿಸಿ ತಟ್ಟಿದ ಕತೆಗಾರ್ತಿ ಬಾನು ಮುಷ್ತಾಕ್. ಕನ್ನಡವನ್ನು ಭುವನೇಶ್ವರಿಯಾಗಿಸಿ, ಬಾವುಟದ ಬಣ್ಣಗಳನ್ನು ಅರಿಶಿನ ಕುಂಕುಮವಾಗಿಸಿದರೆ ತಾನೆಲ್ಲಿ ನಿಲ್ಲಬೇಕು ಎಂದು ಅವರು 2023ರ ಜನಸಾಹಿತ್ಯ ಸಮ್ಮೇಳನದಲ್ಲಿ ಕೇಳಿದ್ದರು. 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ ಆ ಮಾತನ್ನೇ ಎತ್ತಿ ಹಿಡಿದು, ಇವರಿಗೆ ಯಾವ ಹಕ್ಕು ಎಂದರು. 2017ರಲ್ಲಿ ಕವಿ ನಿಸಾರ್ ಅಹಮದ್ ಇದೇ ದಸರಾ ಉದ್ಘಾಟಿಸಿದ್ದು ಮರೆತೇ ಹೋಗಿತ್ತು. ಹೈಕೋರ್ಟು, ಬಳಿಕ ಸುಪ್ರೀಂ ಕೋರ್ಟು ಆಕ್ಷೇಪದ ಅರ್ಜಿಗಳನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಬಾನು ಚಾಮುಂಡಿ ಬೆಟ್ಟದಲ್ಲಿ ದೇವಿಗೆ ಹೂ ಅರ್ಪಿಸಿದರು.

ಅಂದು ಪ್ರಶ್ನಿಸಿದವರು ಇಂದು ಹೂ ಹಾಕುವುದು ವಿರೋಧಾಭಾಸವಲ್ಲವೇ ಎಂದು ಕೇಳುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಊಟಕ್ಕೆ ಕೂತಾಗ 'ನನ್ನ ತಾಟು ಎಲ್ಲಿ?' ಎಂದು ಕೇಳುವವಳು ಮನೆಯ ಮಗಳು. ಬೀಗರು ಹಾಗೆ ಕೇಳುವುದಿಲ್ಲ. ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಾರೆ.

ಅವರ ಕತೆಗಳಲ್ಲೂ ಇದೇ ಇದೆ. 'ಎದೆಯ ಹಣತೆ'ಯ ಮೆಹರುನ್ ಗಂಡನಿಂದ ತಿರಸ್ಕೃತಳಾಗಿ ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಮನೆತನದ ಮರ್ಯಾದೆಯ ಮಾತಾಡಿ ವಾಪಸು ಬಿಟ್ಟು ಬರುತ್ತಾರೆ. ಸೀಮೆಎಣ್ಣೆ ಸುರಿದುಕೊಂಡ ಅವಳನ್ನು ಉಳಿಸುವುದು ಮಗಳು ಸಲ್ಮಾ. ಹಣತೆ ದೇವರಕೋಣೆಯದೂ ಹೌದು, ಉರುಸಿನ ದರ್ಗಾದ್ದೂ ಹೌದು. ಈ ಕತೆಯಲ್ಲಿ ಅದು ಎರಡೂ ಅಲ್ಲ. ಆರಲಿದ್ದ ಒಂದು ಹೆಣ್ಣುಜೀವ. ಈ ಅರ್ಥ ಕೊಡಲು ಬಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅವರ ಕೆಲವು ಕತೆಗಳಲ್ಲಿ ಲೇಖಕಿಯ ಸಿಟ್ಟು ಪಾತ್ರಗಳಿಗಿಂತ ಮುಂದೆ ಓಡುತ್ತದೆ ಎಂಬ ತಕರಾರು ನಮಗಿದೆ. ಇಲ್ಲಿ ಹಾಗಾಗಿಲ್ಲ. 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಲ್ಲಿ ದೀಪಾ ಭಾಸ್ತಿ ಅನುವಾದಿಸಿದ 12 ಕತೆಗಳ ಸಂಕಲನಕ್ಕೆ 2025ರ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಇವರನ್ನು ಕನ್ನಡದ ಮಗಳೆಂದರು. ನಾಲ್ಕು ತಿಂಗಳೊಳಗೆ ಆ ಮಗಳ ಹಕ್ಕು ನ್ಯಾಯಾಲಯದಲ್ಲಿತ್ತು.

ಈ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮಸೀದಿಯಲ್ಲಿ ನಮಾಜು ಮಾಡುವ ಹಕ್ಕು ಹೆಣ್ಣಿಗೂ ಇದೆ ಎಂದದ್ದಕ್ಕೆ 2000ದಲ್ಲಿ ಇದೇ ಬಾನು ಅವರಿಗೆ ಬಹಿಷ್ಕಾರ ಹಾಕಿದ್ದು ನಮ್ಮ ಸಮಾಜದವರೇ. ಅಂದು ಎದ್ದ ಪ್ರಶ್ನೆಯೂ 'ನಿನಗೆ ಯಾವ ಹಕ್ಕು?' ಎಂಬುದೇ. 2022ರಲ್ಲಿ ಹಿಜಾಬಿನ ಪ್ರಕರಣ ನಡೆದಾಗ, ಅದು ಹುಡುಗಿಯ ಸ್ವಂತ ಆಯ್ಕೆ ಎಂದು ನಮ್ಮವರು ವಾದಿಸಿದರು. ಅದು ನ್ಯಾಯವಾದ ವಾದ. ಆದರೆ ಆಯ್ಕೆ ಎಂಬ ಮಾತು ತಲೆಯ ಮೇಲಿನ ಬಟ್ಟೆಗೆ ಮಾತ್ರ ಸಲ್ಲಬೇಕು, ಮಸೀದಿಯ ಹೊಸ್ತಿಲಿಗೆ ಸಲ್ಲಬಾರದು ಎಂದರೆ ಅದು ಹಕ್ಕಲ್ಲ, ಬರೀ ಅನುಕೂಲ.

ಮೈಸೂರಿನಲ್ಲಿ ದೀಪ ಹಚ್ಚಲು ಅವಳಿಗೆ ಹಕ್ಕಿದೆ ಎನ್ನುವವರು ನಮ್ಮ ಮೊಹಲ್ಲಾದಲ್ಲೂ ಅದನ್ನೇ ಹೇಳಲಿ. ಅಲ್ಲಿಯವರೆಗೆ ನಮ್ಮ ದೂರಿಗೆ ಪೂರ್ತಿ ಬಲ ಬರುವುದಿಲ್ಲ.