ಹರಿಹರ ಗುಡ್ಡದ ಬಂಡೆ

ಭಾನುವಾರ ಬಂದರೆ ಬೆಟ್ಟ ಹತ್ತುವವರು ಸಾವನದುರ್ಗಕ್ಕೋ ಶಿವಗಂಗೆಗೋ ಬೈಕ್ ತಿರುಗಿಸುತ್ತಾರೆ. ನಾನು ಗೆಳತಿಯನ್ನು ಕರೆದೊಯ್ಯುವುದು ಬೆಂಗಳೂರಿನ ಗವಿಪುರಂನ ಹರಿಹರ ಗುಡ್ಡಕ್ಕೆ. ಎತ್ತರ ಹೆಚ್ಚಿಲ್ಲ, ಆದರೆ ಆ ಬಂಡೆ! ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿ. ಕೂತು, ಬಗ್ಗಿ ನೋಡಬೇಕು: ಬಿಳಿ ಪಟ್ಟೆ, ಕಪ್ಪು ಪಟ್ಟೆ ಬಳುಕುತ್ತಾ ಸಾಗುತ್ತವೆ. ನೆಲದಾಳದ ಕಾವಿಗೆ, ಒತ್ತಡಕ್ಕೆ ಖನಿಜಗಳು ಬೇರ್ಪಟ್ಟು ಪದರಗಟ್ಟಿದ ಗುರುತದು. ಬೆರಳಾಡಿಸಿದರೆ ಬಿಳಿಯ ಹರಳು ತರಿತರಿ.

ಪಕ್ಕದಲ್ಲೇ ಇಂಥ ಬಂಡೆಯ ಹೊಟ್ಟೆಯೊಳಗೆ ಗವಿ ಗಂಗಾಧರೇಶ್ವರ. ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟುವುದನ್ನು ನೋಡಲು ಊರೇ ನೆರೆಯುತ್ತದೆ.

ಈ ಗುಡ್ಡದ ಮಳೆನೀರು ಕೆಂಪಾಂಬುಧಿ ಕೆರೆಯತ್ತ ಇಳಿದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಸೇರುತ್ತದೆ. ಲಾಲ್‌ಬಾಗ್ ಕೆರೆಯದು ದಕ್ಷಿಣ ಪಿನಾಕಿನಿಗೆ. “ಅಂದ್ರೆ ನಡುವಿನ ಬಸವನಗುಡಿಯ ದಿಣ್ಣೆಯೇ ನೀರನ್ನ ಪಾಲು ಮಾಡುತ್ತೆ ಕಣೇ!” ಎಂದಳು ಗೆಳತಿ.